ತಡವಾಗಿ ಬರುವ ಗಾಳಿ

ಅಲಾಸ್ಕದ ರಾಜಧಾನಿ ಜೂನೋ ಪಟ್ಟಣಕ್ಕೆ ಹೊರಗಿನಿಂದ ಬರುವ ರಸ್ತೆಯೇ ಇಲ್ಲ. ಹಿಂದೆ ಕಡಿದಾದ ಬೆಟ್ಟ, ಮುಂದೆ ಗ್ಯಾಸ್ಟಿನೋ ಎಂಬ ಇಕ್ಕಟ್ಟಾದ ಕಡಲ ಕಾಲುವೆ. ಅಲ್ಲಿಗೆ ವಿಮಾನದಲ್ಲಿ ಹೋಗಬೇಕು, ಇಲ್ಲವೇ ಹಡಗಿನಲ್ಲಿ. ಬೇಸಿಗೆ ಬಂತೆಂದರೆ ಸಾವಿರಾರು ಪ್ರವಾಸಿಗರನ್ನು ಹೊತ್ತ ವಿಹಾರ ನೌಕೆಗಳು ಆ ಕಾಲುವೆಯೊಳಗೆ ಬಂದು ಊರಿನ ಮಗ್ಗುಲಿಗೇ ನಿಲ್ಲುತ್ತವೆ. ಬೆಟ್ಟಗಳ ನಡುವೆ ಗಾಳಿ ಆಡುವುದು ಕಡಿಮೆ. ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಕೂತುಬಿಟ್ಟರೆ ಚಿಮಣಿಯಿಂದ ಹೊರಟ ಹೊಗೆ ಮೇಲೇರದೆ ಮನೆಗಳ ಮೇಲೇ ತಂಗುತ್ತದೆ.

ಹೀಗಾಗಿ ಹಡಗಿನ ಹೊಗೆಯ ಬಗ್ಗೆ ಅಲಾಸ್ಕದಷ್ಟು ಕಣ್ಣಿಟ್ಟ ಸರ್ಕಾರಗಳು ಕಡಿಮೆ. ತೀರದಿಂದ ಮೂರು ಮೈಲಿಯೊಳಗೆ ಹಡಗಿನ ಹೊಗೆ ತನ್ನ ಹಿಂದಿನ ನೋಟವನ್ನು ಶೇ. 20ಕ್ಕಿಂತ ಹೆಚ್ಚು ಮರೆಮಾಡಬಾರದು ಎಂಬುದು ಅಲ್ಲಿನ ನಿಯಮ. ಅಳೆಯುವುದಕ್ಕೆ ಯಂತ್ರವೂ ಬೇಕಿಲ್ಲ. ತರಬೇತಿ ಪಡೆದವರೊಬ್ಬರು ಸೂರ್ಯನಿಗೆ ಬೆನ್ನು ಮಾಡಿ ನಿಂತು ಚಿಮಣಿಯ ಬಾಯನ್ನೇ ನೋಡುತ್ತಾ 15 ಸೆಕೆಂಡಿಗೊಮ್ಮೆ ಹೊಗೆಯ ದಟ್ಟಣೆಯನ್ನು ಬರೆದುಕೊಳ್ಳುತ್ತಾರೆ. ಈ ಕಣ್ಣಳತೆಯ ಹಿಂದೆ ಒಬ್ಬ ಫ್ರೆಂಚ್ ಕೃಷಿ ಎಂಜಿನಿಯರ್ ಇದ್ದಾನೆ: ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್. ಬಿಳಿ ಕಾಗದದ ಮೇಲೆ ಕಪ್ಪು ಗೆರೆಗಳ ಜಾಲರಿ ಎಳೆದು, ಒಂದೊಂದು ಚೌಕಕ್ಕೂ ಶೇ. 20ರಂತೆ ಕಪ್ಪನ್ನು ಹೆಚ್ಚಿಸುತ್ತಾ ಹೋಗಿ, ಹೊಗೆಯನ್ನು ಹೋಲಿಸಿ ನೋಡುವ ಪಟ್ಟಿಯೊಂದನ್ನು ಅವನು 1888ರಲ್ಲಿ ರೂಪಿಸಿದ. ಒಟ್ಟಿಗೆ ಹಗ್ಗ ಎಳೆಯುವ ಗುಂಪಿನಲ್ಲಿ ಜನ ಹೆಚ್ಚಿದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತದೆ ಎಂದು ಅಳೆದು ತೋರಿಸಿದವನೂ ಇವನೇ. ಮನೋವಿಜ್ಞಾನದವರು ಅವನನ್ನು ಹಗ್ಗಕ್ಕಾಗಿ ನೆನೆಯುತ್ತಾರೆ, ಎಂಜಿನಿಯರುಗಳು ಹೊಗೆಗಾಗಿ.

ಅಲಾಸ್ಕದ ನಿಯಮದಲ್ಲಿ ಒಂದು ಸಡಿಲಿಕೆಯೂ ಇದೆ. ಹಡಗು ಹಗ್ಗ ಬಿಚ್ಚಿ ಹೊರಡುವ ಹೊತ್ತಿನಲ್ಲಿ, ಬಂದು ಕಟ್ಟೆ ಹಿಡಿಯುವ ಹೊತ್ತಿನಲ್ಲಿ, ಕೆಲವು ನಿಮಿಷ ಮಿತಿ ಮೀರಿದರೂ ಕ್ಷಮೆ ಉಂಟು. ಕಾನೂನು ಬರೆದವರಿಗೆ ಎಂಜಿನ್ನಿನ ಸ್ವಭಾವ ಚೆನ್ನಾಗಿ ಗೊತ್ತಿತ್ತು. ನಡುಗಡಲಿನಲ್ಲಿ ಒಂದೇ ವೇಗದಲ್ಲಿ ಸಾಗುತ್ತಿರುವ, ಸರಿಯಾಗಿ ನೋಡಿಕೊಂಡ ಡೀಸೆಲ್ ಎಂಜಿನ್ನಿನ ಚಿಮಣಿಯಲ್ಲಿ ಕಪ್ಪು ಹೊಗೆ ಕಾಣುವುದು ಅಪರೂಪ. ಅದೇ ಎಂಜಿನ್, ಅದೇ ಎಣ್ಣೆ, ಬಂದರಿನಲ್ಲಿ ತಟ್ಟನೆ ಹೊರೆ ಬಿದ್ದಾಗ ಮಾತ್ರ ಕಪ್ಪಗೆ ಉಗುಳುತ್ತದೆ. ಹೊಗೆಯನ್ನು ಕೊಳೆ ಎಂಜಿನ್ನಿನ, ಕಳಪೆ ಎಣ್ಣೆಯ ಲಕ್ಷಣವೆಂದು ನಾವು ತಿಳಿಯುವುದು ವಾಡಿಕೆ. ಅದರಲ್ಲಿ ನಿಜ ಇದ್ದರೂ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಹಡಗಿನ ಎಂಜಿನ್ನಿನಲ್ಲಿ ಮುಖ್ಯ ಕಾರಣ ಬೇರೆಯೇ. ಅಲ್ಲಿ ಎಣ್ಣೆ ಕರೆದ ಕೂಡಲೇ ಬರುತ್ತದೆ. ಗಾಳಿ ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಆ ಕೆಲವು ಸೆಕೆಂಡುಗಳನ್ನು ಎಂಜಿನಿಯರುಗಳು ಏನು ಮಾಡಿದರು ಎಂಬುದೇ ಈ ಅಧ್ಯಾಯದ ಕಥೆ.

ಮೊದಲು ಮಸಿ ಹುಟ್ಟುವ ಬಗೆ. ಲಾಟೀನು ಉರಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಳಕು ಸಾಲದೆಂದು ಬತ್ತಿಯನ್ನು ಮಿತಿಮೀರಿ ಏರಿಸಿದರೆ ಜ್ವಾಲೆ ಕೆಂಪಗೆ ಉದ್ದವಾಗಿ ಗಾಜಿಗೆಲ್ಲ ಕಾಡಿಗೆ ಹಿಡಿಯುತ್ತದೆ. ಸೀಮೆಎಣ್ಣೆ ಬದಲಾಗಿಲ್ಲ, ಬತ್ತಿ ಬದಲಾಗಿಲ್ಲ. ಬುಡದ ತೂತುಗಳಿಂದ ಬರುವ ಗಾಳಿ ಇದ್ದಷ್ಟೇ ಇದೆ, ಉರಿಯಬೇಕಾದ ಎಣ್ಣೆ ಹೆಚ್ಚಾಗಿದೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ನಡೆಯುವ ರಸಾಯನ ಇದೇ, ವೇಗ ಮಾತ್ರ ಬೇರೆ. ಪಿಸ್ಟನ್ ಗಾಳಿಯನ್ನು ಒತ್ತಿ ಕಾಯಿಸಿದ ಗಳಿಗೆಯಲ್ಲಿ ನಾಜಲ್ ಡೀಸೆಲನ್ನು ಸೂಕ್ಷ್ಮ ಹನಿಗಳಾಗಿ ಸಿಂಪಡಿಸುತ್ತದೆ. ಸಿಂಪಡಿಕೆಯ ಅಂಚಿನಲ್ಲಿ ಗಾಳಿ ಧಾರಾಳ. ಅದರ ಒಡಲಿನಲ್ಲಿ ಎಣ್ಣೆಯ ಆವಿಯೇ ತುಂಬಿಕೊಂಡು ಆಮ್ಲಜನಕಕ್ಕೆ ಬರ. ಅಲ್ಲಿ ಸಾವಿರ ಡಿಗ್ರಿಗೂ ಮೀರಿದ ಕಾವಿಗೆ ಎಣ್ಣೆಯ ಅಣುಗಳು ಮುರಿಯುತ್ತವೆ. ಮುರಿದ ತುಂಡುಗಳಿಗೆ ಆಮ್ಲಜನಕ ಸಿಗದೆ ಅವು ಒಂದಕ್ಕೊಂದು ಅಂಟಿಕೊಂಡು ಇಂಗಾಲದ ಉಂಗುರಗಳಾಗಿ, ಉಂಗುರಗಳು ಸೇರಿ ಹಾಳೆಗಳಾಗಿ, ಹಾಳೆಗಳು ಸುತ್ತಿಕೊಂಡು ಉಂಡೆಗಳಾಗುತ್ತವೆ. ಒಂದೊಂದು ಉಂಡೆಯ ಅಡ್ಡಳತೆ ಸುಮಾರು 20ರಿಂದ 30 ನ್ಯಾನೊಮೀಟರ್. ಆಮೇಲೆ ಅವು ಸರಗಟ್ಟಿಕೊಳ್ಳುತ್ತವೆ. ಮಸಿ ಎಂದರೆ ಇದೇ.

ಆರೋಗ್ಯವಾಗಿರುವ ಎಂಜಿನ್ನಿನಲ್ಲೂ ಪ್ರತಿ ಸುತ್ತಿನಲ್ಲಿ ಮಸಿ ಹುಟ್ಟುತ್ತದೆ, ಯಥೇಚ್ಛವಾಗಿ ಹುಟ್ಟುತ್ತದೆ. ಹುಟ್ಟಿದ್ದರಲ್ಲಿ ಹೆಚ್ಚಿನ ಪಾಲು ಎಕ್ಸಾಸ್ಟ್ ವಾಲ್ವ್ ತೆರೆಯುವ ಮುನ್ನವೇ ಸುತ್ತಲಿನ ಬಿಸಿ ಗಾಳಿ ತಾಗಿ ಉರಿದುಹೋಗುತ್ತದೆ. ಚಿಮಣಿಯಿಂದ ನಮಗೆ ಕಾಣುವುದು ಉರಿಯದೆ ಉಳಿದ ಅಲ್ಪ ಭಾಗ. ಹಾಗಾಗಿ ಹೊಗೆಯನ್ನು ತಡೆಯುವುದೆಂದರೆ ಮಸಿ ಹುಟ್ಟದಂತೆ ನೋಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ಹುಟ್ಟಿದ ಮಸಿ ಉರಿದು ಮುಗಿಯಲು ಆಮ್ಲಜನಕ ಒದಗಿಸುವುದು. ಸಮಯವಂತೂ ಬಹಳ ಕಡಿಮೆ. ನಿಮಿಷಕ್ಕೆ 750 ಸುತ್ತು ತಿರುಗುವ ಎಂಜಿನ್ನಿನಲ್ಲಿ ಕ್ರ್ಯಾಂಕ್ 30 ಡಿಗ್ರಿ ತಿರುಗಲು ಹಿಡಿಯುವ ಹೊತ್ತು 7 ಮಿಲಿಸೆಕೆಂಡಿಗಿಂತ ಕಡಿಮೆ.

ಎಷ್ಟು ಗಾಳಿ ಬೇಕು? ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು; ಹೊರಗಿನ ಗಾಳಿಯ ಲೆಕ್ಕದಲ್ಲಿ 12 ಘನ ಮೀಟರ್, ಒಂದು ಸಣ್ಣ ಕೋಣೆಯ ಅರ್ಧದಷ್ಟು. ಇದು ಕಾಗದದ ಮೇಲಿನ ಲೆಕ್ಕ. ಎಣ್ಣೆಯ ಪ್ರತಿ ಅಣುವೂ ತನ್ನ ಪಾಲಿನ ಆಮ್ಲಜನಕವನ್ನು ಅಷ್ಟು ಚೂರು ಹೊತ್ತಿನಲ್ಲಿ ಹುಡುಕಿಕೊಳ್ಳಲಾರದು. ಆದ್ದರಿಂದ ಹಡಗಿನ ಎಂಜಿನ್ನಿಗೆ ಅದರ ದುಪ್ಪಟ್ಟಿಗೂ ಮಿಗಿಲಾಗಿ ಗಾಳಿ ಕೊಡುತ್ತಾರೆ. 10,000 ಕಿಲೋವಾಟಿನ ಮಧ್ಯಮ ವೇಗದ ಎಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ ಎರಡು ಟನ್ನಿಗೆ ಸ್ವಲ್ಪ ಕಡಿಮೆ ಎಣ್ಣೆ ಕುಡಿಯುತ್ತದೆ. ನುಂಗುವ ಗಾಳಿ ಮಾತ್ರ 65 ಟನ್ನಿನ ಆಸುಪಾಸು. ಎಣ್ಣೆಯ ಟ್ಯಾಂಕಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ತೂಕ ಹಾಕಿದರೆ ಹಡಗಿನ ಎಂಜಿನ್ ಮುಖ್ಯವಾಗಿ ಗಾಳಿಯನ್ನು ಸಾಗಿಸುವ ಯಂತ್ರ.

ಇಷ್ಟು ಗಾಳಿಯನ್ನು ಪಿಸ್ಟನ್ ತಾನಾಗಿ ಎಳೆದುಕೊಳ್ಳಲಾರದು. ಅದನ್ನು ಒತ್ತಿ ತುಂಬುವುದೇ ಟರ್ಬೊಚಾರ್ಜರಿನ ಕೆಲಸ. ಸ್ವಿಟ್ಜರ್‌ಲ್ಯಾಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದರ ಪೇಟೆಂಟ್ ಪಡೆದಾಗ ಅವನ ವಾದ ಸರಳವಾಗಿತ್ತು. ಎಂಜಿನ್ ಹೊರಗೆ ಚೆಲ್ಲುವ ಬಿಸಿ ಅನಿಲದಲ್ಲಿ ಬೇಕಾದಷ್ಟು ಶಕ್ತಿ ಇದೆ, ಅದರಿಂದ ಒಂದು ಟರ್ಬೈನ್ ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಕಂಪ್ರೆಸರಿನಿಂದ ತಾಜಾ ಗಾಳಿಯನ್ನು ಒಳಗೆ ಒತ್ತಬಹುದು. ಜಗತ್ತು ಒಪ್ಪಲು ಇಪ್ಪತ್ತು ವರ್ಷ ಹಿಡಿಯಿತು. 1926ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಸಂಚಾರ ಆರಂಭಿಸಿದ ಪ್ರಾಯ್ಸನ್ ಮತ್ತು ಹಾನ್ಸೆಸ್ಟಾಟ್ ಡಾನ್‌ಜಿಗ್ ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳಲ್ಲಿ ಹತ್ತು ಸಿಲಿಂಡರಿನ ಡೀಸೆಲ್ ಎಂಜಿನ್ನುಗಳಿಗೆ ಬ್ಯೂಕಿಯ ಟರ್ಬೊ ಜೋಡಿಸಿದರು. 1,750 ಅಶ್ವಶಕ್ತಿಯ ಎಂಜಿನ್ 2,500 ಅಶ್ವಶಕ್ತಿ ಕೊಟ್ಟಿತು. ಇಂದಿನ ಟರ್ಬೊಗಳು ಗಾಳಿಯನ್ನು ವಾತಾವರಣದ ನಾಲ್ಕೈದು ಪಟ್ಟು ಒತ್ತಡಕ್ಕೆ ಏರಿಸುತ್ತವೆ. ಮೇಲೆ ಹೇಳಿದ 10,000 ಕಿಲೋವಾಟಿನ ಎಂಜಿನ್ನಿಗೆ ಗಾಳಿ ಒತ್ತುವುದಕ್ಕೇ ಮೂರು ಸಾವಿರ ಕಿಲೋವಾಟಿಗೂ ಹೆಚ್ಚು ಶಕ್ತಿ ಬೇಕು. ಅಷ್ಟೂ ಹೊಗೆಯಲ್ಲಿ ಹೋಗಿಬಿಡುತ್ತಿದ್ದ ಶಕ್ತಿ! ಮನುಷ್ಯ ಕಂಡುಕೊಂಡ ಉಳಿತಾಯಗಳಲ್ಲಿ ಇದು ಬಹು ಸೊಗಸಾದದ್ದು ಎಂದು ನನಗೆ ಯಾವಾಗಲೂ ಅನ್ನಿಸಿದೆ.

ತೊಡಕು ಇರುವುದು ಆ ಉಳಿತಾಯದ ಒಳಗೇ. ಟರ್ಬೊ ತಿರುಗಬೇಕಾದರೆ ಬಿಸಿ ಅನಿಲ ಬೇಕು. ಬಿಸಿ ಅನಿಲ ಬರಬೇಕಾದರೆ ಎಣ್ಣೆ ಉರಿಯಬೇಕು. ಎಣ್ಣೆ ಉರಿಯಬೇಕಾದರೆ ಟರ್ಬೊ ಗಾಳಿ ಕೊಡಬೇಕು. ಏರಿಳಿತವಿಲ್ಲದ ಹೊರೆಯಲ್ಲಿ ಈ ಸುತ್ತು ತನ್ನಷ್ಟಕ್ಕೆ ನಡೆದುಕೊಂಡು ಹೋಗುತ್ತದೆ. ಕಡಿಮೆ ಹೊರೆಯಿಂದ ಒಮ್ಮೆಲೇ ಮೇಲೇರಬೇಕಾದಾಗ ಟರ್ಬೊ ಹಿಂದೆ ಬೀಳುತ್ತದೆ. ಅದರ ಚಕ್ರ ಉಕ್ಕಿನದು, ಮಿಶ್ರಲೋಹದ್ದು, ಭಾರವಾದದ್ದು. ಅಳತೆಗೆ ತಕ್ಕಂತೆ ನಿಮಿಷಕ್ಕೆ 10,000ದಿಂದ 30,000 ಸುತ್ತಿನವರೆಗೆ ತಿರುಗಬೇಕಾದದ್ದು. ಆ ವೇಗಕ್ಕೆ ಬರಲು ಅದಕ್ಕೆ ಸಮಯ ಬೇಕು. ಮೇಲಾಗಿ ಕಂಪ್ರೆಸರ್ ವಾತಾವರಣದ ಒತ್ತಡದ ಮೇಲೆ ಸೇರಿಸುವ ಒತ್ತಡ ಸುಮಾರಾಗಿ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರ್ಧ ವೇಗದಲ್ಲಿರುವ ಟರ್ಬೊ ಅರ್ಧ ಒತ್ತಡ ಕೊಡುವುದಿಲ್ಲ, ಸುಮಾರು ಕಾಲು ಭಾಗ ಕೊಡುತ್ತದೆ.

ಇತ್ತ ಎಣ್ಣೆಯ ಕಡೆ ಕಾಯುವ ಮಾತೇ ಇಲ್ಲ. ಎಂಜಿನ್ನಿನ ವೇಗ ಕಾಯುವ ಗವರ್ನರಿಗೆ ಗೊತ್ತಿರುವುದು ಒಂದೇ ಸಂಗತಿ: ಸುತ್ತುಗಳ ಸಂಖ್ಯೆ ಕೇಳಿದ್ದಕ್ಕಿಂತ ಕಡಿಮೆ ಇದೆಯೋ ಹೆಚ್ಚಿದೆಯೋ. ಕಡಿಮೆ ಇದ್ದರೆ, ಎಣ್ಣೆಯ ಅಳತೆ ನಿರ್ಧರಿಸುವ ಸರಳನ್ನು, ಅಂದರೆ ಎಣ್ಣೆ ಪಂಪಿನ ರ್‍ಯಾಕನ್ನು ಮುಂದೆ ತಳ್ಳುತ್ತದೆ. ಮುಂದಿನ ಸಿಂಪಡಿಕೆಯಲ್ಲೇ ಎಣ್ಣೆ ಹೆಚ್ಚಾಗುತ್ತದೆ. ಒಂದು ಒರಟು ಲೆಕ್ಕ ಹಾಕಿ ನೋಡೋಣ. ಪೂರ್ಣ ಹೊರೆಯಲ್ಲಿ ಗಾಳಿಯ ಒತ್ತಡ 4 ಬಾರ್, ಒಂದು ಪಾಲು ಎಣ್ಣೆಗೆ 35 ಪಾಲು ಗಾಳಿ. ಈಗ ಎಂಜಿನ್ ಸುಮ್ಮನೆ ತಿರುಗುತ್ತಿದೆ, ಒತ್ತಡ 1.2 ಬಾರ್ ಮಾತ್ರ. ಇಂಥ ಹೊತ್ತಿನಲ್ಲಿ ಗವರ್ನರ್ ಪೂರ್ಣ ಎಣ್ಣೆ ಕೊಟ್ಟರೆ ಪ್ರತಿ ಪಾಲಿಗೆ ಸಿಗುವುದು ಹತ್ತೋ ಹನ್ನೊಂದೋ ಪಾಲು ಗಾಳಿ. ಕಾಗದದ ಮೇಲಿನ 14.5ಕ್ಕೂ ಕಡಿಮೆ. ಉರಿಯಲಾರದ ಎಣ್ಣೆ ಮಸಿಯಾಗದೆ ಇನ್ನೇನಾದೀತು?

ಹಡಗಿನ ಕೆಲಸವೂ ಈ ದೌರ್ಬಲ್ಯವನ್ನೇ ಹುಡುಕಿ ಹೊಡೆಯುತ್ತದೆ. ಪಣಂಬೂರಿನ ನವ ಮಂಗಳೂರು ಬಂದರಿರಲಿ, ರಾಟರ್‌ಡ್ಯಾಮ್ ಇರಲಿ, ಟಗ್ಗಿನ ಪಾಡು ಒಂದೇ: ಬಹಳ ಹೊತ್ತು ಸುಮ್ಮನೆ ಕಾಯಬೇಕು, ಪೈಲಟ್ ಹೇಳಿದ ಕ್ಷಣ ಪೂರ್ತಿ ಬಲ ಹಾಕಿ ಎಳೆಯಬೇಕು. ವಿಹಾರ ನೌಕೆಯಲ್ಲಾದರೆ ಎಂಜಿನ್ನುಗಳು ವಿದ್ಯುತ್ ಉತ್ಪಾದಿಸುತ್ತಿರುತ್ತವೆ. ಕಟ್ಟೆಯಿಂದ ಪಕ್ಕಕ್ಕೆ ಸರಿಯಲು ಥ್ರಸ್ಟರ್ ಚಾಲೂ ಮಾಡಿದೊಡನೆ ದೊಡ್ಡ ಹೊರೆಯೊಂದು ದಿಢೀರನೆ ಬೀಳುತ್ತದೆ. ಎಲ್ಲಕ್ಕಿಂತ ಕಷ್ಟ ವೇಗದ ಗಸ್ತು ದೋಣಿಗಳದ್ದು. ಅವು ವೇಗ ಹೆಚ್ಚಿದಂತೆ ಮೂತಿ ಎತ್ತಿ ನೀರಿನ ಮೇಲೆ ಜಾರತೊಡಗುತ್ತವೆ. ಹಾಗೆ ಮೇಲೆ ಏರಿ ಕೂರುವ ಮುನ್ನ ತಾನೇ ಎಬ್ಬಿಸಿದ ಅಲೆಯ ದಿಬ್ಬವನ್ನು ದೋಣಿ ಹತ್ತಬೇಕು. ಪ್ರತಿರೋಧ ಆಗಲೇ ಅತಿ ಹೆಚ್ಚು, ಎಂಜಿನ್ನಿನ ವೇಗ ಆಗಿನ್ನೂ ನಡುಮಟ್ಟದಲ್ಲಿ, ಟರ್ಬೊ ಆಗಿನ್ನೂ ಅರೆನಿದ್ದೆಯಲ್ಲಿ. ಆ ದಿಬ್ಬ ದಾಟುವವರೆಗೆ ಹಿಂದೆ ಕಪ್ಪು ಹೊಗೆ.

ಮೊದಲು ಹೊಳೆದ ಪರಿಹಾರ: ಗಾಳಿ ಬರುವ ತನಕ ಎಣ್ಣೆಯನ್ನು ತಡೆದಿಡುವುದು. ಸಾಧನ ಎಷ್ಟು ಸರಳವೆಂದರೆ ಅದನ್ನು ಬಿಚ್ಚಿ ನೋಡಿದ ಯಾರಿಗೂ ಅರ್ಥವಾಗುತ್ತದೆ. ಎಣ್ಣೆ ಪಂಪಿನ ತಲೆಯ ಮೇಲೆ ಒಂದು ಡಬ್ಬಿ. ಅದರೊಳಗೆ ರಬ್ಬರಿನ ಡಯಾಫ್ರಂ, ಅದರ ಕೆಳಗೆ ಸ್ಪ್ರಿಂಗ್. ಗಾಳಿ ಸಿಲಿಂಡರಿಗೆ ಹೋಗುವ ಕೊಳವೆಯಿಂದ ಸಣ್ಣ ಪೈಪೊಂದು ಡಬ್ಬಿಗೆ ಬರುತ್ತದೆ. ಗಾಳಿಯ ಒತ್ತಡ ಇಲ್ಲದಾಗ ಸ್ಪ್ರಿಂಗ್ ಗೆಲ್ಲುತ್ತದೆ. ಡಯಾಫ್ರಮ್ಮಿಗೆ ಕಟ್ಟಿದ ಕಡ್ಡಿಯೊಂದು ರ್‍ಯಾಕಿನ ದಾರಿಗೆ ಅಡ್ಡ ಬಂದು, ಗವರ್ನರ್ ಎಷ್ಟು ತಳ್ಳಿದರೂ ಒಂದು ಮಿತಿಗಿಂತ ಮುಂದೆ ಬಿಡುವುದಿಲ್ಲ. ಟರ್ಬೊ ವೇಗ ಪಡೆದು ಒತ್ತಡ ಏರಿದಂತೆ ಡಯಾಫ್ರಂ ಕೆಳಗಿಳಿದು ಕಡ್ಡಿ ಸರಿಯುತ್ತದೆ, ಎಣ್ಣೆಗೆ ದಾರಿ ಬಿಡುತ್ತದೆ. ಗವರ್ನರಿಗೆ ಗೊತ್ತಿಲ್ಲದ ಗಾಳಿಯ ಸುದ್ದಿಯನ್ನು ಈ ರಬ್ಬರಿನ ಪೊರೆ ಒಯ್ದು ಮುಟ್ಟಿಸುತ್ತದೆ. ಬಾಷ್ ಕಂಪನಿಯ ಪಂಪುಗಳಲ್ಲಿ ಇದು ಎಲ್‌ಡಿಎ, ಕಮಿನ್ಸ್ ಎಂಜಿನ್ನುಗಳಲ್ಲಿ ಎಎಫ್‌ಸಿ; ದೊಡ್ಡ ಹಡಗುಗಳಿಗೆ ವುಡ್‌ವರ್ಡ್ ಕಂಪನಿ ಮಾಡುತ್ತಿದ್ದ ಪಿಜಿಎ ಗವರ್ನರಿನ ಒಳಗೇ ಇದೇ ಕೆಲಸದ ಭಾಗವೊಂದನ್ನು ಕೂಡಿಸುತ್ತಿದ್ದರು. ಡೆಟ್ರಾಯಿಟ್ ಡೀಸೆಲ್‌ನವರು ಗಾಳಿಯನ್ನು ಅಳೆಯುವ ಗೋಜಿಗೂ ಹೋಗದೆ, ಸಣ್ಣ ರಂಧ್ರದ ಮೂಲಕ ಆಯಿಲ್ ನಿಧಾನ ಸೋರುವ ಒಂದು ಪಿಸ್ಟನ್ ಇಟ್ಟು ರ್‍ಯಾಕಿನ ಓಟವನ್ನೇ ತಡಮಾಡಿದರು. ಇಂದು ಡಬ್ಬಿಯ ಜಾಗದಲ್ಲಿ ಸೆನ್ಸರ್, ಕಡ್ಡಿಯ ಜಾಗದಲ್ಲಿ ಕಂಪ್ಯೂಟರಿನ ಒಂದು ಕೋಷ್ಟಕ: ಇಷ್ಟು ಒತ್ತಡಕ್ಕೆ ಇಷ್ಟೇ ಎಣ್ಣೆ. ವಿಚಾರ ಬದಲಾಗಿಲ್ಲ.

ಹೊಗೆ ನಿಂತಿತು. ಅದಕ್ಕೆ ತೆತ್ತ ಬೆಲೆ ಪಿಕಪ್. ಎಣ್ಣೆ ಕಡಿಮೆ ಎಂದರೆ ಬಿಸಿ ಅನಿಲವೂ ಕಡಿಮೆ, ಹಾಗಾಗಿ ಟರ್ಬೊ ಎದ್ದೇಳುವುದೂ ನಿಧಾನ. ಮಿತಿಯನ್ನು ತೀರಾ ಬಿಗಿ ಮಾಡಿದರೆ ಎಂಜಿನ್ ಹೊರೆ ಹಿಡಿಯದೆ ನರಳುತ್ತದೆ. ಸಡಿಲ ಮಾಡಿದರೆ ಮಸಿ. ಈ ನಡುವಿನ ಜಾಗವನ್ನು ಹುಡುಕುವುದು ನುರಿತವರ ಕೆಲಸ. ಅವಸರದವರು ಬೇರೆ ದಾರಿ ಹಿಡಿಯುತ್ತಾರೆ: ಬೋಟು ಎಳೆಯುತ್ತಿಲ್ಲವೆಂದು ಆ ಕಡ್ಡಿಯನ್ನೇ ತೆಗೆದುಹಾಕುತ್ತಾರೆ, ಇಲ್ಲವೇ ಸ್ಕ್ರೂ ತಿರುಗಿಸಿ ನಿಷ್ಕ್ರಿಯ ಮಾಡುತ್ತಾರೆ. ಎಷ್ಟೋ ಸಲ ನಿಜವಾದ ತೊಂದರೆ ಡಯಾಫ್ರಮ್ಮಿನ ಸೂಜಿಮೊನೆಯಷ್ಟು ತೂತು ಅಥವಾ ಸಣ್ಣ ಪೈಪಿನ ಸೋರಿಕೆ. ಗಾಳಿ ಬಂದಿದ್ದರೂ ಸುದ್ದಿ ಮುಟ್ಟಿರುವುದಿಲ್ಲ.

ದೊಡ್ಡ ಹಡಗಿನ ಬ್ರಿಜ್ಜಿನಲ್ಲಿ ಈ ಮಿತಿಗಳನ್ನೆಲ್ಲ ಒಂದೇ ಏಟಿಗೆ ರದ್ದು ಮಾಡುವ ಗುಂಡಿಯೊಂದು ಇರುತ್ತದೆ. ಎದುರಿಗೆ ಇನ್ನೊಂದು ಹಡಗು ಬಂದುಬಿಟ್ಟಾಗ ಹೊಗೆಯ ಚಿಂತೆ ಮಾಡುವಂತಿಲ್ಲ. ಆ ಗುಂಡಿ ಅಲ್ಲಿರುವುದು ನ್ಯಾಯ. ಎಣ್ಣೆಯನ್ನು ತಡೆದಿಡುವ ಉಪಾಯಕ್ಕೆ ಎಲ್ಲಿ ಮಿತಿ ಇದೆ ಎಂಬುದನ್ನೂ ಅದೇ ತೋರಿಸುತ್ತದೆ.

ಇನ್ನೊಂದು ದಾರಿ ಗಾಳಿಯನ್ನೇ ಬೇಗ ತರುವುದು. ಹಡಗಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡಲು 30 ಬಾರ್ ಒತ್ತಡದ ಗಾಳಿಯ ಸಿಲಿಂಡರುಗಳು ಹೇಗೂ ಇರುತ್ತವೆ. ಅದರಿಂದ ಒಂದಿಷ್ಟನ್ನು ಟರ್ಬೊದ ಕಂಪ್ರೆಸರ್ ಚಕ್ರದ ಅಂಚಿಗೆ ಓರೆಯಾಗಿ ಊದಿದರೆ ಚಕ್ರ ತಟ್ಟನೆ ವೇಗ ಹಿಡಿಯುತ್ತದೆ, ಊದಿದ ಗಾಳಿಯೂ ಎಂಜಿನ್ನಿಗೇ ಸಲ್ಲುತ್ತದೆ. ಜೆಟ್ ಅಸಿಸ್ಟ್ ಎಂದು ಕರೆಯುವ ಈ ಏರ್ಪಾಟು ಬಂದರಿನಲ್ಲಿ ಹೊರೆ ಏರಿಳಿಯುವ ಎಂಜಿನ್ನುಗಳಲ್ಲಿ ಈಗ ಸಾಮಾನ್ಯ. ಕೆಲವೇ ಸೆಕೆಂಡಿನ ಊದು, ಆದರೆ ಬೇಕಾದದ್ದೂ ಆ ಕೆಲವೇ ಸೆಕೆಂಡು. ಪದೇ ಪದೇ ಬಳಸಿದರೆ ಸ್ಟಾರ್ಟಿಂಗ್ ಗಾಳಿ ಖಾಲಿಯಾಗುತ್ತದೆ, ಅದಕ್ಕಾಗಿ ದೊಡ್ಡ ಕಂಪ್ರೆಸರ್ ಬೇಕಾಗುತ್ತದೆ. ಸಣ್ಣ ದೋಣಿಗಳಿಗೆ ವೋಲ್ವೊ ಪೆಂಟಾದವರು ಮತ್ತೊಂದು ಬಗೆ ಹುಡುಕಿದರು. ಅವರ ಕೆಎಡಿ ಎಂಜಿನ್ನುಗಳಲ್ಲಿ ಟರ್ಬೊದ ಜತೆಗೆ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಒಂದಿದೆ. ವೇಗ ಕಡಿಮೆ ಇರುವಾಗ ವಿದ್ಯುತ್ಕಾಂತದ ಕ್ಲಚ್ ಅದನ್ನು ಕೂಡಿಸುತ್ತದೆ. ಟರ್ಬೊ ಎದ್ದ ಮೇಲೆ ಬಿಡಿಸುತ್ತದೆ. ಅಲೆಯ ದಿಬ್ಬ ಹತ್ತುವ ದೋಣಿಗೆ ಹೇಳಿ ಮಾಡಿಸಿದ ಏರ್ಪಾಟು.

ಸಾಗರ ದಾಟುವ ಮಹಾನೌಕೆಗಳ ಎರಡು ಹೊಡೆತದ (ಟೂ-ಸ್ಟ್ರೋಕ್) ಎಂಜಿನ್ನುಗಳಿಗೆ ಹೊರಗಿನಿಂದ ಒತ್ತಿದ ಗಾಳಿ ಅನುಕೂಲವಲ್ಲ, ಪ್ರಾಣ. ಅವುಗಳಲ್ಲಿ ಗಾಳಿ ಎಳೆಯುವ ಹೊಡೆತವೇ ಇಲ್ಲ. ಹಳೆಯ ಅನಿಲವನ್ನು ಹೊರಗಟ್ಟಲು ಹೊಸ ಗಾಳಿಯನ್ನು ಯಾರಾದರೂ ಒತ್ತಿ ಕಳಿಸಲೇಬೇಕು. ಕಡಿಮೆ ಹೊರೆಯಲ್ಲಿ ಟರ್ಬೊಗೆ ಅದು ಸಾಧ್ಯವಿಲ್ಲ. ಅದಕ್ಕೇ ಟರ್ಬೊ ಅಲ್ಲಿ ತಲುಪಿದ್ದು ತಡವಾಗಿ. 1952ರಲ್ಲಿ ಡೆನ್ಮಾರ್ಕಿನ ಡೋರ್ಥ ಮೇರ್ಸ್ಕ್ ಎಂಬ ತೈಲ ಹಡಗಿನಲ್ಲಿ ಬುರ್ಮೈಸ್ಟರ್ ಅಂಡ್ ವೈನ್ ಕಂಪನಿಯ ಟರ್ಬೊ ಸಹಿತ ಎರಡು ಹೊಡೆತದ ಎಂಜಿನ್ ಮೊದಲ ಬಾರಿಗೆ ಕಡಲಿಗಿಳಿಯಿತು. ಇಂದಿಗೂ ಇಂಥ ಎಂಜಿನ್ನುಗಳ ಪಕ್ಕದಲ್ಲಿ ವಿದ್ಯುತ್ ಬ್ಲೋವರುಗಳು ಇರುತ್ತವೆ. ಹೊರೆ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದು ಗಾಳಿಯ ಒತ್ತಡ ಕುಸಿದರೆ ಅವು ತಾವಾಗಿ ಚಾಲೂ ಆಗುತ್ತವೆ, ಒತ್ತಡ ಚೇತರಿಸಿಕೊಂಡ ಮೇಲೆ ನಿಲ್ಲುತ್ತವೆ.

ಈ ಎಲ್ಲ ಉಪಾಯಗಳಲ್ಲಿ ನನಗೆ ಅತ್ಯಂತ ಜಾಣತನದ್ದಾಗಿ ಕಾಣುವುದು ಸರದಿಯ ಟರ್ಬೊ. ದೊಡ್ಡದೊಂದು ಟರ್ಬೊ ಪೂರ್ಣ ಹೊರೆಗೆ ಸರಿ, ಕಡಿಮೆ ಹೊರೆಯಲ್ಲಿ ಅದನ್ನು ತಿರುಗಿಸುವಷ್ಟು ಅನಿಲವೇ ಇರುವುದಿಲ್ಲ. ಸಣ್ಣದೊಂದು ಟರ್ಬೊ ಕಡಿಮೆ ಹೊರೆಗೆ ಸರಿ, ಪೂರ್ಣ ಹೊರೆಗೆ ಸಾಲದು. ಹಾಗಾದರೆ ಸಣ್ಣವನ್ನೇ ಎರಡು ಇಟ್ಟು, ಹೊರೆ ಕಡಿಮೆ ಇರುವಾಗ ಒಂದನ್ನು ಮುಚ್ಚಿಬಿಟ್ಟರೆ? ಇರುವ ಅಷ್ಟೂ ಅನಿಲ ಒಂದೇ ಟರ್ಬೈನಿನ ಮೂಲಕ ಹಾದು ಅದು ಜೋರಾಗಿ ತಿರುಗುತ್ತದೆ. ಅರ್ಧ ಹೊರೆಯಲ್ಲೇ ಗಾಳಿ ಧಾರಾಳ. ಹೊರೆ ಏರಿ ಮೊದಲನೆಯದು ತನ್ನ ಶಕ್ತಿಯ ಕೊನೆಗೆ ಬಂದಾಗ ಎರಡನೆಯದನ್ನು ಕರೆಯಬೇಕು.

ಕರೆಯುವ ಕ್ರಮದಲ್ಲೇ ಕೌಶಲ ಇರುವುದು. ಎರಡನೆಯ ಟರ್ಬೊಕ್ಕೆ ಎರಡು ಬಾಗಿಲು: ಅನಿಲ ಒಳಬರುವ ಕಡೆ ಒಂದು, ಗಾಳಿ ಎಂಜಿನ್ನಿಗೆ ಹೋಗುವ ಕಡೆ ಒಂದು. ಎರಡನ್ನೂ ಒಟ್ಟಿಗೆ ತೆರೆದರೆ ಕೆಲಸ ಕೆಟ್ಟಿತು. ನಿಂತಿರುವ ಎರಡನೆಯ ಕಂಪ್ರೆಸರಿನ ಮೂಲಕ ಮೊದಲನೆಯದು ಒತ್ತಿಟ್ಟ ಗಾಳಿ ಹಿಮ್ಮುಖವಾಗಿ ಹೊರಗೆ ಸೋರಿಹೋಗುತ್ತದೆ. ಆದ್ದರಿಂದ ಮೊದಲು ಅನಿಲದ ಬಾಗಿಲು ತೆರೆಯುತ್ತದೆ. ಚಕ್ರ ತಿರುಗತೊಡಗಿ, ವೇಗ ಪಡೆದು, ಅದರ ಒತ್ತಡ ಈಗಾಗಲೇ ಇರುವ ಒತ್ತಡಕ್ಕೆ ಸಮನಾದ ಮೇಲಷ್ಟೇ ಗಾಳಿಯ ಬಾಗಿಲು ತೆರೆಯುತ್ತದೆ. ಆ ಬದಲಾವಣೆಯ ಗಳಿಗೆಯಲ್ಲಿ ಅನಿಲ ಇಬ್ಭಾಗವಾಗುವುದರಿಂದ ಒತ್ತಡ ಒಮ್ಮೆ ತಗ್ಗುತ್ತದೆ, ಅಲ್ಲೇ ಒಂದು ತೆರೆ ಹೊಗೆ ಬರಬಹುದು. ಅದನ್ನು ತಡೆಯಲು ಎಣ್ಣೆಯ ಮಿತಿಯೂ ಅದೇ ಗಳಿಗೆಯಲ್ಲಿ ಹೊಂದಿಕೊಳ್ಳಬೇಕು. ಹೊರೆ ಗಡಿಯಲ್ಲೇ ಹೊಯ್ದಾಡುತ್ತಿದ್ದರೆ ಬಾಗಿಲುಗಳು ಪಟಪಟನೆ ಬಡಿದುಕೊಳ್ಳಬಾರದು. ಹಾಗಾಗಿ ತೆರೆಯುವ ಹೊರೆಗಿಂತ ಮುಚ್ಚುವ ಹೊರೆಯನ್ನು ತುಸು ಕೆಳಗೆ ಇಡುತ್ತಾರೆ. ಒಂದು ಹೊಗೆಯ ಎಳೆಯನ್ನು ಅಳಿಸಲು ಇಷ್ಟೆಲ್ಲ ವಿವೇಚನೆ.

ಜರ್ಮನಿಯ ಎಂಟಿಯು, ಫ್ರಾನ್ಸಿನ ಪೀಲ್‌ಸ್ಟಿಕ್ ಕಂಪನಿಗಳು ಈ ಪದ್ಧತಿಯನ್ನು ಯುದ್ಧನೌಕೆಗಳಿಗಾಗಿ ಬೆಳೆಸಿದವು. ಕಾರಣ ಸ್ಪಷ್ಟ. ಗಸ್ತಿನ ಹಡಗು ದಿನಗಟ್ಟಲೆ ಕಡಿಮೆ ವೇಗದಲ್ಲಿ ಸುಳಿಯುತ್ತದೆ, ಬೇಕೆಂದಾಗ ಹಠಾತ್ತನೆ ಓಡಬೇಕು, ಓಡುವಾಗ ಹೊಗೆಯೆಬ್ಬಿಸಿ ತನ್ನ ಇರವನ್ನು ಸಾರಬಾರದು. ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಹಡಗು ಸಾಲುಗಳಲ್ಲಿ ಹೊಗೆ ಬಿಡುವ ಹಡಗು ಎಲ್ಲರಿಗೂ ಅಪಾಯವಾಗಿತ್ತು. ದಿಗಂತದಾಚೆಯ ಜಲಾಂತರ್ಗಾಮಿಗೂ ಅದರ ಹೊಗೆ ಕಾಣುತ್ತಿತ್ತು. ಫ್ರಾನ್ಸಿನ ಲಾಫಾಯೆತ್ ದರ್ಜೆಯ ನೌಕೆಗಳಲ್ಲಿ ಪೀಲ್‌ಸ್ಟಿಕ್ ಪಿಎ6 ಎಸ್‌ಟಿಸಿ ಎಂಜಿನ್ನುಗಳಿವೆ. ಎಸ್‌ಟಿಸಿ ಎಂಬುದು ಈ ಸರದಿಯ ಟರ್ಬೊದ ಗುರುತು. 2010ರಲ್ಲಿ ನಮ್ಮ ನೌಕಾಪಡೆ ಸೇರಿದ ಶಿವಾಲಿಕ್‌ನಲ್ಲಿ ಗ್ಯಾಸ್ ಟರ್ಬೈನುಗಳ ಜತೆಗಿರುವುದೂ ಇದೇ ಬಗೆಯ ಹದಿನಾರು ಸಿಲಿಂಡರಿನ ಡೀಸೆಲ್. 2014ರಲ್ಲಿ ಬಂದ ಜಲಾಂತರ್ಗಾಮಿ ನಿಗ್ರಹ ನೌಕೆ ಕಾಮೋರ್ಟಾದಲ್ಲಿ ಹನ್ನೆರಡು ಸಿಲಿಂಡರಿನವು ನಾಲ್ಕು. ಕಾಮೋರ್ಟಾದ ಎಂಜಿನ್ನುಗಳನ್ನು ಪರವಾನಗಿ ಪಡೆದು ಭಾರತದಲ್ಲೇ ಕಟ್ಟಿದ್ದು ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್. ಬೆಳಗಾವಿಯ ಸೈಕಲ್ ಅಂಗಡಿಯಿಂದ ಹೊರಟ ಮನೆತನದ ಕಂಪನಿ. ಸರಕು ಹಡಗುಗಳೂ ಈಚೆಗೆ ಇದೇ ಪಾಠ ಕಲಿತವು. 2008ರ ನಂತರ ಎಣ್ಣೆ ಉಳಿಸಲು ಕಂಟೇನರ್ ಹಡಗುಗಳು ನಿಧಾನವಾಗಿ ಸಾಗತೊಡಗಿದಾಗ, ಮೂರ್ನಾಲ್ಕು ಟರ್ಬೊಗಳಲ್ಲಿ ಒಂದನ್ನು ಮುಚ್ಚಿ ಉಳಿದವನ್ನು ಚುರುಕುಗೊಳಿಸಿದವು.

ಈ ನಡುವೆ ಇನ್ನೊಂದು ಒತ್ತಡ ಬಂತು, ಅದು ಹೊಗೆಗೆ ವಿರುದ್ಧ ದಿಕ್ಕಿನದು. ಹಡಗುಗಳ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ, 2005ರಲ್ಲಿ ಜಾರಿಗೆ ಬಂದ ಆರನೇ ಅನುಬಂಧ ಸಾರಜನಕದ ಆಕ್ಸೈಡುಗಳಿಗೆ ಮಿತಿ ಹಾಕಿತು. ಅವು ಹುಟ್ಟುವುದು ಉರಿ ಅತಿಯಾಗಿ ಬಿಸಿಯಾದಾಗ. ಉರಿಯನ್ನು ತಂಪಾಗಿಸಲು ಎಂಜಿನಿಯರುಗಳು ಅಮೆರಿಕದ ರಾಲ್ಫ್ ಮಿಲ್ಲರನ ಹಳೆಯ ಉಪಾಯಕ್ಕೆ ಮರಳಿದರು: ಗಾಳಿಯ ವಾಲ್ವನ್ನು ಪಿಸ್ಟನ್ ಕೆಳಮುಟ್ಟುವ ಮೊದಲೇ ಮುಚ್ಚುವುದು. ಒಳಗಿನ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಪೂರ್ಣ ಹೊರೆಯಲ್ಲಿ ಟರ್ಬೊ ಜೋರಾಗಿರುವುದರಿಂದ ಬೇಗ ಮುಚ್ಚಿದರೂ ಗಾಳಿ ಸಾಲುತ್ತದೆ. ಕಡಿಮೆ ಹೊರೆಯಲ್ಲಿ? ಮೊದಲೇ ಕಡಿಮೆ ಇದ್ದ ಗಾಳಿ ಇನ್ನೂ ಕಡಿಮೆಯಾಗಿ, ತಣ್ಣಗಾಗಿ, ಮಸಿ ಉರಿಯಲು ಕಾವೂ ಸಿಗದೆ ಹೊಗೆ ಹೆಚ್ಚುತ್ತದೆ. ಒಂದು ಮಾಲಿನ್ಯ ತಗ್ಗಿಸಲು ಹೋಗಿ ಇನ್ನೊಂದಕ್ಕೆ ಎಡೆ ಮಾಡಿಕೊಟ್ಟಂತಾಯಿತು. ಹಾಗಾಗಿ ವಾಲ್ವಿನ ಸಮಯವನ್ನೇ ಹೊರೆಗೆ ತಕ್ಕಂತೆ ಬದಲಿಸುವ ಏರ್ಪಾಟುಗಳು ಬಂದವು. ಜರ್ಮನಿಯ ಕೀಲ್‌ನಲ್ಲಿ ತಯಾರಾಗುತ್ತಿದ್ದ ಮಾಕ್ ಎಂಜಿನ್ನುಗಳಲ್ಲಿ ಕಡಿಮೆ ಹೊರೆಯಾದೊಡನೆ ಗಾಳಿಯ ವಾಲ್ವ್ ತಡವಾಗಿ ಮುಚ್ಚುತ್ತದೆ, ಎಣ್ಣೆ ತುಸು ಮೊದಲೇ ಸಿಂಪಡಿಕೆಯಾಗುತ್ತದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ಟರ್ಬೊದಿಂದ ಬರುವ ಗಾಳಿಯನ್ನು ತಂಪುಮಾಡುವ ಕೂಲರಿಗೆ ಕಡಿಮೆ ಹೊರೆಯಲ್ಲಿ ಬಿಸಿನೀರು ಹರಿಸಿ ಗಾಳಿಯನ್ನು ಬೆಚ್ಚಗೆ ಮಾಡುತ್ತಾರೆ. ಕೂಲರೇ ಹೀಟರ್ ಆಗುವುದು ವಿಚಿತ್ರವೆನಿಸಿದರೂ, ಉರಿ ಹತ್ತುವುದು ಅದರಿಂದ ಸಲೀಸಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಎಂಜಿನ್ ಕೋಣೆಗೇ ಗಾಳಿ ಬಾರದಿದ್ದರೆ ಫಲವಿಲ್ಲ. ಹಡಗಿನ ಎಂಜಿನ್ನುಗಳ ಶಕ್ತಿ 45 ಡಿಗ್ರಿ ಗಾಳಿಯಲ್ಲೂ ಸಿಗಬೇಕೆಂದು ಲೆಕ್ಕ ಹಾಕುವುದು ಉಷ್ಣವಲಯದ ಸಮುದ್ರಗಳಿಗಾಗಿ. ಅಷ್ಟು ಬಿಸಿ ಗಾಳಿ 25 ಡಿಗ್ರಿಯ ಗಾಳಿಗಿಂತ ಶೇ. 6ರಷ್ಟು ತೆಳು. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳಂಥ ಮರದ, ಉಕ್ಕಿನ ಬೋಟುಗಳಲ್ಲಿ ಎಂಜಿನ್ ಇರುವುದು ಇಕ್ಕಟ್ಟಾದ ಹೊಟ್ಟೆಯೊಳಗೆ. ಟರ್ಬೊ ಇರುವ ಎಂಜಿನ್ ಹಾಕಿಸಿಕೊಂಡು ಗಾಳಿಯ ಕಿಂಡಿಯನ್ನು ಹಳೆಯ ಅಳತೆಗೇ ಬಿಟ್ಟರೆ, ಫಿಲ್ಟರಿಗೆ ಆಯಿಲ್ ಮತ್ತು ಧೂಳು ಮೆತ್ತಿಕೊಂಡಿದ್ದರೆ, ಕೂಲರಿನ ರೆಕ್ಕೆಗಳಿಗೆ ಉಪ್ಪು ಹಿಡಿದಿದ್ದರೆ, ಮೇಲಿನ ಯಾವ ಉಪಾಯವೂ ಆ ಬೋಟಿನ ಹೊಗೆಯನ್ನು ನಿಲ್ಲಿಸಲಾರದು. ದಿನವಿಡೀ ಚಿಮಣಿಯ ಪಕ್ಕದಲ್ಲೇ ಬಲೆ ಎಳೆಯುವವರ ಎದೆಗೆ ಹೋಗುವುದು ಆ 20 ನ್ಯಾನೊಮೀಟರಿನ ಉಂಡೆಗಳೇ.

ಈಗ ಮೂರನೆಯ ದಾರಿಯೊಂದು ತೆರೆದಿದೆ: ಎಣ್ಣೆಯನ್ನೂ ತಡೆದಿಡದೆ, ಗಾಳಿಯನ್ನೂ ಅವಸರಿಸದೆ, ಹೊರೆಯನ್ನೇ ಬೇರೊಬ್ಬರಿಗೆ ಒಪ್ಪಿಸುವುದು. ಜೂನೋದಲ್ಲಿ ಕಟ್ಟೆಗೆ ನಿಂತ ಕೆಲವು ಹಡಗುಗಳಿಗೆ 2001ರಿಂದಲೇ ದಡದ ಜಲವಿದ್ಯುತ್ ಕೊಡಲು ಆರಂಭಿಸಿದ್ದು ಅವುಗಳ ನಿಂತಾಗಿನ ಹೊಗೆಯನ್ನು ಅಳಿಸಿತು. ಹೊರಡುವಾಗಿನ ಹೊಗೆಗೆ ಹಡಗಿನೊಳಗೇ ಉತ್ತರ ಬೇಕಿತ್ತು. 2009ರಲ್ಲಿ ಅಮೆರಿಕದ ಫಾಸ್ ಮ್ಯಾರಿಟೈಮ್ ಕಂಪನಿ ಲಾಸ್ ಏಂಜಲಿಸ್ ಮತ್ತು ಲಾಂಗ್ ಬೀಚ್ ಬಂದರುಗಳಲ್ಲಿ ಕ್ಯಾರೊಲಿನ್ ಡೊರೋತಿ ಎಂಬ ಟಗ್ಗನ್ನು ಇಳಿಸಿತು. ಅದರಲ್ಲಿ ಡೀಸೆಲ್ ಎಂಜಿನ್ನಿನ ಜತೆಗೆ ವಿದ್ಯುತ್ ಮೋಟಾರು, ಬ್ಯಾಟರಿ ಇದ್ದವು. ಮೋಟಾರಿಗೆ ಗಾಳಿ ಬೇಡ. ಕರೆದ ಕ್ಷಣ ಬಲ ಕೊಡುತ್ತದೆ. ಕಾಯುವ ಹೊತ್ತಿನಲ್ಲಿ ದೊಡ್ಡ ಎಂಜಿನ್ನನ್ನು ನಿಲ್ಲಿಸಿಯೇ ಇಡಬಹುದು. ಇಂಥ ಏರ್ಪಾಟಿನಲ್ಲಿ ಬ್ಯಾಟರಿ ಮೊದಲ ಸೆಕೆಂಡುಗಳ ಹೊರೆ ಹೊರುತ್ತಿದ್ದಂತೆ ಡೀಸೆಲ್ ಎಂಜಿನ್ ತನ್ನ ಟರ್ಬೊವನ್ನು ನಿಧಾನವಾಗಿ ಎಬ್ಬಿಸಿಕೊಂಡು ಮೇಲೇರಬಹುದು. ಬ್ಯಾಟರಿ ಬರಿದಾದ ದಿನ ಮಾತ್ರ ಎಂಜಿನ್ ಮತ್ತೆ ಒಂಟಿ. ಆದ್ದರಿಂದ ಇಂಥ ಟಗ್ಗಿನ ಎಂಜಿನ್ನಿಗೂ ಗಾಳಿಯ ಒತ್ತಡ ನೋಡಿ ಎಣ್ಣೆ ಬಿಡುವ ಆ ಹಳೆಯ ಮಿತಿ ಬೇಕೇ ಬೇಕು.